ಅಕ್ಕೋರು ಕಟ್ಟಿದ ಚಂದ್ರವ್ವ

ಅನ್ನಪೂರ್ಣಾ, ಪ್ರಭು, ಸಣ್ಣ ಬಸು, ಮೂವರೂ ಕೂತು ಓದಿರಿ. ಬಸುವಿಗೆ ನನ್ನ ಅಕ್ಷರ ಹತ್ತದಿದ್ದರೆ ಅನ್ನಪೂರ್ಣಾ ಓದಿ ಹೇಳಲಿ.

ಹೋದ ಸಲ ರಜೆಗೆ ಬಂದಾಗ ಅನ್ನಪೂರ್ಣಾ ಊಟಕ್ಕೆ ಕೂತು ಒಂದು ಮಾತು ಕೇಳಿದ್ದಳು. ‘ಅಜ್ಜಿ, ಕಥಿ ಬರಿಯೋರಿಗೆ ಆ ಕಥ್ಯಾಗಿನ ಮಂದಿ ಮೊದಲಽ ಕಣ್ಣಿಗೆ ಕಾಣ್ತಾರೋ, ಬರಕೋತ ಹ್ವಾದಂಗ ಕಾಣ್ತಾರೋ?’ ಎಂದು. ನಾನು ಸುಮ್ಮನೆ ಸಾರು ಬಡಿಸಿದೆ. ನಾಲ್ಕು ಮಂದಿ ಇದ್ದಲ್ಲಿ ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ನಾಲ್ಕನೆಯ ಇಯತ್ತೆ ಓದಿದವಳು ಕಾಲೇಜಿನ ಹುಡುಗಿಗೆ ಕಥೆಯ ಬಗ್ಗೆ ಏನು ಹೇಳುವುದು ಎಂದು ನಾಚಿಕೆಯೂ ಆಯಿತು. ಆದರೆ ಮೊನ್ನೆ ಹೊರ್ತಿಯಿಂದ ಬಂದ ಬೀಗರೊಬ್ಬರು, ‘ನಿಮ್ಮ ಮನ್ಯಾಗ ಇದ್ದ ಆ ಸಾಲಿ ಅಕ್ಕೋರು ತೀರಿಕೊಂಡ್ರಂತ’ ಎಂದರು. ಅವರು ಹೋದ ಮೇಲೆ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದೆ. ಅನ್ನಪೂರ್ಣಾ ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿತ್ತು. ಬಾಯಿಂದ ಬರದಿದ್ದರೆ ಕೈಯಿಂದಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ಅಕ್ಕೋರ ಹೆಸರು ನಾನು ಬರೆಯುವುದಿಲ್ಲ. ಅವರು ತಾವು ಬರೆದ ಕಥೆಗಳಿಗೂ ತಮ್ಮ ಹೆಸರು ಹಾಕುತ್ತಿರಲಿಲ್ಲ, ಬೇರೆ ಯಾವುದೋ ಹೆಸರು ಹಾಕುತ್ತಿದ್ದರು. ‘ಈಕಿ ಬರೀತಾಳ ಅಂತ ಗೊತ್ತಾದ್ರ ಮಂದಿ ನನ್ನ ಮುಂದ ಬಾಯಿ ಮುಚ್ಚಿಕೊಂಡ ಕುಂಡ್ರತಾರ ತಂಗಿ. ಆಮ್ಯಾಲ ನಾ ಏನು ಬರೀಲಿ?’ ಎನ್ನುತ್ತಿದ್ದರು. ನಮ್ಮ ಗೊಳಸಂಗಿಯಲ್ಲಿ ಆ ಗುಟ್ಟು ಎಷ್ಟು ದಿನ ಉಳಿದೀತು? ಊರಿಗೆಲ್ಲ ಗೊತ್ತಿತ್ತು. ಆದರೂ ಜನ ಬಾಯಿ ಮುಚ್ಚಲಿಲ್ಲ. ಅಕ್ಕೋರ ಮುಂದೆ ಇನ್ನಷ್ಟು ಜೋರಾಗಿ ಮಾತಾಡತೊಡಗಿದರು, ಎಲ್ಲಿ ತಾವೂ ಪ್ಯಾಪರಿನಲ್ಲಿ ಬರುತ್ತೇವೋ ಎಂದು.

ಅವರು ಹೆಣ್ಣುಮಕ್ಕಳ ಶಾಲೆಗೆ ವರ್ಗವಾಗಿ ಬಂದಾಗ ನಾನು ಮದುವೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ನಮ್ಮ ಅಂಗಳದ ಕಡೆಗಿನ ಖೋಲಿಯನ್ನು ನಮ್ಮ ಮಾವ ಅವರಿಗೆ ಕೊಟ್ಟರು. ಒಂದು ಟ್ರಂಕು, ಒಂದು ಹಾಸಿಗೆ, ಪುಸ್ತಕದ ಗಂಟು, ಇಷ್ಟೇ ಸಾಮಾನು. ‘ಮನೆಯವರು ಎಲ್ಲಿ?’ ಎಂದು ಊರು ಕೇಳಿತು. ‘ಇದಽ ಮನಿ, ನೀವಽ ಮನಿಯವರು’ ಎಂದು ನಕ್ಕರು. ಅದರಾಚೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರು ನೋಡಲು ಹೇಗಿದ್ದರು ಎಂದು ಬರೆಯಲು ಕೂತರೆ ಅವರ ಮಾತೇ ಕೈ ಹಿಡಿಯುತ್ತದೆ. ‘ಮೂಗು ನೀಟ ಐತಿ, ಕಣ್ಣು ದೊಡ್ಡವು ಅದಾವು ಅಂತ ಬರದ್ರ ಓದೋರಿಗೆ ಮೂಗು ಕಣ್ಣು ಅಷ್ಟಽ ಸಿಗ್ತಾವ, ಮನಿಷ್ಯಾ ಸಿಗೂದಿಲ್ಲ’ ಎನ್ನುತ್ತಿದ್ದರು. ಅದಕ್ಕೇ ಇಷ್ಟು ಹೇಳುತ್ತೇನೆ: ಅವರು ಯಾರ ಮನೆಗೆ ಹೋದರೂ ಹೊಸ್ತಿಲಿನ ಹತ್ತಿರವೇ ಕೂಡುತ್ತಿದ್ದರು. ಅಲ್ಲಿಂದ ಒಳಗೂ ಕಾಣುತ್ತದೆ, ಹೊರಗೂ ಕಾಣುತ್ತದೆ. ಚಹಾ ಕೊಟ್ಟರೆ ಆರಿಹೋಗುವತನಕ ಕೈಯಲ್ಲೇ ಹಿಡಿದು ಕೂಡುತ್ತಿದ್ದರು, ಯಾಕೆಂದರೆ ಕೇಳುತ್ತಿದ್ದರು.

ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಓಣಿಯಲ್ಲಿ ಒಂದು ಸುತ್ತು ಹಾಕುವುದು ಅವರ ರೂಢಿ. ಅದು ಎಲ್ಲ ಮನೆಗಳಲ್ಲೂ ರೊಟ್ಟಿ ಬಡಿಯುವ ಹೊತ್ತು. ಸುತ್ತು ಮುಗಿಸಿ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ವರದಿ ಒಪ್ಪಿಸುತ್ತಿದ್ದರು.

‘ಮೂಲಿ ಮನ್ಯಾಗ ಇವತ್ತ ಹೊಸ ಸೊಸಿ ಒಲಿ ಮುಂದ ಕುಂತಾಳ. ಅಂಜಿಕೋತ ಬಡಿಯಾಕತ್ತಾಳ, ಪಾಪ.’

‘ಅಕ್ಕೋರ, ಒಳಗ ಹೋಗಿ ನೋಡಿದ್ರೇನು?’ ಎಂದು ನಮ್ಮ ಅತ್ತೆ ಕೇಳಿದರೆ, ‘ನೋಡೂದ್ಯಾಕ ಆಯಿ? ಎರಡು ಏಟು ಬಡದು ನಿಂದ್ರತಾಳ. ಅತ್ತಿ ಏನರೆ ಅಂದಾಳೇನು ಅಂತ ಕಿವಿ ಕೊಟ್ಟು ಮತ್ತ ಬಡೀತಾಳ. ಅವರ ಹಿಂದಿನ ಮನಿಯಾಕಿ ಗಂಡನ ಮ್ಯಾಲಿನ ಸಿಟ್ಟು ಹಿಟ್ಟಿನ ಮ್ಯಾಲೆ ತೀರಿಸಿಕೊಳ್ಳಾಕತ್ತಾಳ’ ಎನ್ನುತ್ತಿದ್ದರು. ಮಧ್ಯಾಹ್ನ ಬಾವಿಯ ಹತ್ತಿರ ವಿಚಾರಿಸಿದರೆ ಎರಡೂ ನಿಜವಾಗಿರುತ್ತಿದ್ದವು.

ಒಬ್ಬ ಹೆಂಗಸಿನ ಕಥೆ ಬರೆಯಬೇಕಾದರೆ ಆಕೆ ರೊಟ್ಟಿ ಬಡಿಯುವ ಸಪ್ಪಳ ಅವರಿಗೆ ಮೊದಲು ಕೇಳಬೇಕಿತ್ತು. ಅದು ಕೇಳಿದ ಮೇಲೆ ಕೈ ಕಾಣುತ್ತದೆ, ಕೈ ಹಿಂದೆ ಬಳೆ, ಬಳೆಯ ಹಿಂದೆ ತೋಳು, ಕಡೆಗೆ ಮುಖ. ಹೆಸರು ಎಲ್ಲಕ್ಕಿಂತ ಹಿಂದಿನಿಂದ ಬರುತ್ತದಂತೆ. ಗಂಡಸರಾದರೆ ನಡಿಗೆ ಮೊದಲು ಬೇಕು. ಒಮ್ಮೆ ಸಂಜೆ ಅಂಗಳದಲ್ಲಿ ಒಂದು ಕಾಲು ಎಳೆಯುತ್ತ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದರು. ನಮ್ಮ ಅತ್ತೆ ನೋಡಿದವರೇ ಒಳಗೆ ಓಡಿ ಎಣ್ಣೆ ಬಿಸಿ ಮಾಡಿಕೊಂಡು ಬಂದರು.

‘ಕಾಲು ಉಳುಕೇತೇನ್ರಿ ಅಕ್ಕೋರ? ಕುಂಡ್ರರಿ, ತಿಕ್ಕತೇನಿ.’

‘ಇದು ನನ್ನ ಕಾಲಲ್ಲ ಆಯಿ. ಕಥ್ಯಾಗಿನ ಮುದುಕನ ಕಾಲು.’

‘ಯಾರ ಕಾಲಾದ್ರ ಏನ್ರಿ, ನೋವು ನೋವಽ. ಚಾಚ್ರಿ ಇತ್ತ.’

ಅಕ್ಕೋರು ಚಾಚಿದರು. ಅತ್ತೆ ಆ ಮುದುಕನ ಕಾಲಿಗೆ ಚೆನ್ನಾಗಿ ಎಣ್ಣೆ ತಿಕ್ಕಿದರು. ಮರುದಿನ ‘ಈಗ ಹೆಂಗದಾನ?’ ಎಂದು ಕೇಳಿದರು. ‘ಸುಧಾರಿಸ್ಯಾನ ಆಯಿ. ಆದ್ರ ಕಥಿ ಕೆಟ್ಟೈತಿ, ಆತಗ ಕುಂಟಬೇಕಾಗಿತ್ತು’ ಎಂದರು ಅಕ್ಕೋರು.

ನನ್ನನ್ನೂ ಅವರು ಬಿಡುತ್ತಿರಲಿಲ್ಲ. ಹಿರಿಯರ ಮುಂದೆ ನನ್ನ ಸೆರಗು ತಲೆಯಿಂದ ಜಾರುತ್ತಿರಲಿಲ್ಲ, ಬಾಯಿ ತೆರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನೊಬ್ಬಳೇ ಬೀಸುತ್ತಿದ್ದಾಗ ಬಂದು ಹತ್ತಿರ ಕೂತರು.

‘ತಂಗಿ, ಒಬ್ಬಾಕಿ ಸೊಸಿ ಅತ್ತಿ ಕೂಡ ಜಗಳಾಡಿ ತವರಿಗೆ ಹೊಂಟಾಳ. ಗಂಟಿನ್ಯಾಗ ಏನಿಟ್ಕೋತಾಳ?’

‘ಸೀರಿ ಇಟ್ಕೋತಾಳ್ರಿ.’

‘ಅದು ಎಲ್ಲಾರೂ ಇಟ್ಕೋತಾರ. ಈಕಿ ಬಾಳ ಸಿಟ್ಟಿನಾಕಿ.’

ನಾನು ಕಲ್ಲು ನಿಲ್ಲಿಸಿದೆ. ಸುತ್ತ ಯಾರೂ ಇರಲಿಲ್ಲ. ‘ಬೀಸೂ ಕಲ್ಲಿನ ಗೂಟ ಕಿತ್ತು ಇಟ್ಕೋತಾಳ್ರಿ’ ಎಂದೆ. ‘ಹಿಂದ ಅತ್ತಿ ಬೀಸೂದು ಹೆಂಗ, ನೋಡೇ ಬಿಡಲಿ.’

ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕ ರೀತಿಗೆ ಕೊಟ್ಟಿಗೆಯ ಎಮ್ಮೆ ತಿರುಗಿ ನೋಡಿತು. ‘ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದೆವ್ವಾ ಇದನ್ನ!’ ಎಂದರು. ನನಗೆ ನಾಚಿಕೆಯಾಗಿ ಜೋರಾಗಿ ಬೀಸತೊಡಗಿದೆ.

ಇನ್ನು ಗುರವ್ವನ ವಿಷಯ. ಗುರವ್ವ ನಿಮ್ಮ ಅಜ್ಜನ ತಂಗಿ, ನನ್ನ ನಾದಿನಿ. ಆಕೆ ಎಡಗೈಯವಳು. ಊಟಕ್ಕೆ, ದೇವರಿಗೆ ಹೂ ಏರಿಸಲು ಬಲಗೈ ರೂಢಿ ಮಾಡಿಸಿದ್ದರು. ಆದರೆ ರೊಟ್ಟಿ ಮಾತ್ರ ಎಡಗೈಯಿಂದಲೇ ಬಡಿಯುತ್ತಿದ್ದಳು. ಆ ರೊಟ್ಟಿ ಎಲ್ಲರಿಗಿಂತ ತೆಳ್ಳಗೆ, ಎಲ್ಲರಿಗಿಂತ ಅಗಲ. ‘ಎಲ್ಲಾರ ರೊಟ್ಟಿ ಹಿಂಗ ತಿರುಗಿದ್ರ ಈಕಿದು ಹಂಗ ತಿರುಗತೈತಿ’ ಎಂದು ಅಕ್ಕೋರು ಆ ಸಪ್ಪಳಕ್ಕೆ ಮನಸೋತಿದ್ದರು.

ಆ ವರ್ಷ ಗುರವ್ವನಿಗೆ ಸಿಂದಗಿ ಕಡೆಯ ಒಂದು ಮನೆಯಿಂದ ಸಂಬಂಧ ಕೂಡಿ ಬಂತು. ಮುದ್ದೇಬಿಹಾಳದಲ್ಲಿ ನೆಂಟರ ಮದುವೆಗೆ ಹೋದಾಗ ಗುರವ್ವ ಆ ಹುಡುಗನನ್ನು ನೋಡಿದ್ದಳು. ಪಂಕ್ತಿಯಲ್ಲಿ ಬಡಿಸುತ್ತ ಬಂದ ಆತ ಇವಳ ಮುಂದೆ ನಿಂತು, ಬುಟ್ಟಿಯಲ್ಲಿದ್ದ ಬುಂದೆಯೆಲ್ಲ ಒಬ್ಬಳ ಎಲೆಗೇ ಸುರಿದಿದ್ದನಂತೆ. ‘ಅಷ್ಟೂ ತಿಂದಿಯೇನು ಮತ್ತ?’ ಎಂದು ನಾನು ಕೇಳಿದರೆ, ‘ತಿನ್ನಲಾರದ ಏನು ಮಾಡ್ಲಿ ವೈನಿ, ಆಂವ ನೋಡಾಕತ್ತಿದ್ದ’ ಎಂದಳು. ಆಕೆಯ ಮನಸ್ಸು ಅಲ್ಲಿ ನಿಂತಿದೆ ಎಂಬುದು ನನಗೆ ಗೊತ್ತಾಯಿತು. ಎರಡೂ ಮನೆಯವರು ಒಪ್ಪಿದರು. ನಿಶ್ಚಯಕ್ಕೆ ದಿನ ನೋಡುವುದಷ್ಟೇ ಉಳಿದಿತ್ತು.

ಅಷ್ಟರಲ್ಲಿ ವಾರಪತ್ರಿಕೆಯಲ್ಲಿ ಅಕ್ಕೋರ ಕಥೆ ಬಂತು. ಅದರಲ್ಲಿ ಚಂದ್ರವ್ವ ಎಂಬ ಸೊಸೆ. ಎಡಗೈಯಿಂದ ರೊಟ್ಟಿ ಬಡಿಯುತ್ತಾಳೆ. ಅತ್ತೆ ದಿನಾ ಅದಕ್ಕೇ ಚುಚ್ಚುತ್ತಾಳೆ. ಒಂದು ದಿನ ಚಂದ್ರವ್ವ ಹಿಟ್ಟಿನ ಪರಾತವನ್ನು ಅಂಗಳಕ್ಕೆ ಬೀಸಿ ಒಗೆದು, ಬೀಸುವ ಕಲ್ಲಿನ ಗೂಟ ಕಿತ್ತು ಗಂಟಿನಲ್ಲಿಟ್ಟುಕೊಂಡು ತವರಿಗೆ ನಡೆದುಬಿಡುತ್ತಾಳೆ. ನಿಮ್ಮ ಅಜ್ಜ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದರು. ಓಣಿಯ ಹೆಂಗಸರು ಬಾಗಿಲಲ್ಲಿ ತುಂಬಿದ್ದರು. ಗೂಟದ ಮಾತು ಬಂದಾಗ ಎಲ್ಲರೂ ಕಿಸಕ್ಕೆಂದು ನಕ್ಕರು. ನಾನು ಮಾತ್ರ ನೆಲ ನೋಡುತ್ತಿದ್ದೆ. ಬಳೆ ಮಾರುವ ಹುಸೇನಬಿ, ‘ಯವ್ವಾ, ಚಂದ್ರವ್ವನ ದನಿ ನಂದಽ ಐತಿ! “ನನ್ನ ಕೈ ನನ್ನ ತಾಯಿ ಕೊಟ್ಟಿದ್ದು” ಅಂತಾಳಲ್ಲ, ನಾ ಹಂಗಽ ಎಳದ ಮಾತಾಡ್ತೇನಿ’ ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಆ ಪತ್ರಿಕೆ ಸಿಂದಗಿ ಕಡೆಗೂ ಹೋಗಿತ್ತು. ಸ್ವಲ್ಪ ದಿನಕ್ಕೇ ಸಂಬಂಧ ಹಚ್ಚಿದ ನೆಂಟರು ಬಂದು ಪಡಸಾಲೆಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು.

‘ಹುಡುಗನ ಅವ್ವ ಕಥಿ ಓದಿಸಿ ಕೇಳ್ಯಾಳ. ಬರದೋರು ನಿಮ್ಮ ಮನ್ಯಾಗ ಇರ್ತಾರಂತ. ಎಡಗೈ ನಿಮ್ಮ ಹುಡುಗೀದಂತ. ಮತ್ತ ಪರಾತ ಒಗದು ಹೋಗೂ ಗುಣಾನೂ ಆಕೀದಽ ಇರಬೇಕು, ಇಲ್ಲಂದ್ರ ಅಕ್ಕೋರು ಸುಮ್ಮನ ಯಾಕ ಬರೀತಿದ್ರು ಅಂತಾಳ. ಸದ್ಯಕ್ಕ ದಿನಾ ನೋಡೂದು ಬ್ಯಾಡ ಅಂದಾರ.’

ನಮ್ಮ ಮಾವ ಎದ್ದು ನೇರವಾಗಿ ಖೋಲಿಯ ಮುಂದೆ ಹೋಗಿ ನಿಂತರು. ‘ಅಕ್ಕೋರ, ಕಥಿ ಬರೀರಿ, ನಾ ಬ್ಯಾಡ ಅನ್ನಂಗಿಲ್ಲ. ಊರಾಗ ಇಷ್ಟು ಕೈ ಇದ್ದಾವು, ನನ್ನ ಮಗಳ ಕೈ ಯಾಕ ಬೇಕಾಗಿತ್ರಿ ನಿಮಗ?’

ಅಕ್ಕೋರು ಎದ್ದು ನಿಂತರು. ‘ಬಾಳ ಚಂದ ಕಂಡಿತ್ರಿ ಅಪ್ಪಾರ, ಅದಕ್ಕ ತಗೊಂಡೆ’ ಎಂದರು. ಆಮೇಲೆ, ‘ಆ ತಾಯೀನ್ನ ಒಮ್ಮೆ ಇಲ್ಲಿಗೆ ಕರಸ್ರಿ. ಚಂದ್ರವ್ವನ್ನ ನಾ ಕಟ್ಟೇನಿ, ನಾನಽ ಅವರ ಮುಂದ ಬಿಚ್ಚಿ ತೋರಸ್ತೇನಿ’ ಎಂದರು.

ಗುರವ್ವ ಅಳಲಿಲ್ಲ. ಅಂದಿನಿಂದ ಬಲಗೈಯಿಂದ ರೊಟ್ಟಿ ಬಡಿಯಲು ಕೂತಳು. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಕು. ಸುತ್ತು ತಪ್ಪಿ ಉದ್ದಕ್ಕೆ ಹೋಗುತ್ತಿತ್ತು. ಅತ್ತೆ, ಮಾವ ಮಾತಾಡದೆ ಅದನ್ನೇ ತಿಂದರು. ಅಕ್ಕೋರು ಬೆಳಗಿನ ಸುತ್ತು ಬಿಟ್ಟರು. ಆ ಸಪ್ಪಳ ಕೇಳಲಾರದೆ ಹೊತ್ತಿಗೆ ಮೊದಲೇ ಶಾಲೆಗೆ ಹೋಗಿಬಿಡುತ್ತಿದ್ದರು.

ಕಡೆಗೂ ಹುಡುಗನ ತಾಯಿ ತನ್ನ ತಮ್ಮನನ್ನು ಕರೆದುಕೊಂಡು ಬಂದಳು. ಬಸ್ಸಿಳಿದು ಯಾರದೋ ಚಕ್ಕಡಿ ಹತ್ತಿ ಬಂದಿದ್ದರು. ಚಕ್ಕಡಿ ನಮ್ಮ ಅಂಗಳಕ್ಕೆ ತಿರುಗುವಾಗ ಹೊಡೆಯುವವನು ಎತ್ತಿಗೆ ಬಾರುಕೋಲಿನಿಂದ ಬಾರಿಸಿದ. ಆ ಹೆಂಗಸು ಚಕ್ಕಡಿಯಿಂದ ಜಿಗಿದು ಬಾರುಕೋಲು ಕಸಿದುಕೊಂಡು ತಿಪ್ಪೆಯ ಆಚೆ ಒಗೆದಳು. ‘ಇಷ್ಟು ಹೊತ್ತು ನಿನ್ನನ್ನ, ನನ್ನನ್ನ ಹೊತ್ತು ತಂದೈತಿ ಅದು! ಹೊಡಿತೀಯೇನೋ? ಹೋಗು, ಆರಿಸ್ಕೊಂಡ ಬಾ!’ ಎಂದು ಗುಡುಗಿದಳು. ಆತ ಮರುಮಾತಿಲ್ಲದೆ ತಿಪ್ಪೆಯ ಕಡೆ ನಡೆದ. ಅಕ್ಕೋರು ತಮ್ಮ ಖೋಲಿಯ ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಒಳಗೆ ಬಂದು ನೀರು, ಬೆಲ್ಲ ಆದವು. ಹಿರಿಯರು ಪಡಸಾಲೆಯಲ್ಲಿ ಕೂತರು. ಗುರವ್ವ ಒಲೆಯ ಮುಂದೆ, ನಾನು ಬಾಗಿಲ ಮರೆಯಲ್ಲಿ. ಹುಡುಗನ ತಾಯಿ ಸುತ್ತಿ ಬಳಸಿ ಮಾತಾಡುವವಳಲ್ಲ.

‘ನೀವೇನ್ರಿ ಬರದೋರು? ಖರೆ ಹೇಳ್ರಿ, ಚಂದ್ರವ್ವ ಈ ಹುಡುಗಿ ಹೌದೋ ಅಲ್ಲೋ?’

‘ಕೈ ಹೌದ್ರಿ’ ಎಂದರು ಅಕ್ಕೋರು. ‘ಕೈ ಒಂದಽ. ದನಿ ಬಳಿ ಮಾರೂ ಹುಸೇನಬೀದು. ಬಿರಬಿರ ನಡಿಗಿ ಟಪಾಲು ಹಂಚಾಂವಂದು. ಸೀರಿ ಉಡೂ ರೀತಿ ನಮ್ಮ ಅವ್ವಂದು.’

‘ಗೂಟ ಕಿತ್ತುಕೊಂಡ ಹೋಗೂ ವಿಚಾರ ಯಾರದ್ರಿ?’ ಎಂದು ನಡುವೆ ನಮ್ಮ ಅತ್ತೆಯೇ ಬಾಯಿ ಹಾಕಿದರು.

‘ಅದು ಮಾತ್ರ ಹೇಳೂದಿಲ್ಲ ಆಯಿ.’

ಅತ್ತೆ ನಿಧಾನವಾಗಿ ಬಾಗಿಲ ಕಡೆ ತಿರುಗಿದರು. ನಾನು ಸೆರಗಿನ ತುದಿ ಬಾಯಿಗೆ ತುರುಕಿಕೊಂಡೆ.

‘ಮತ್ತ ಆ ಸಿಟ್ಟು?’ ಎಂದಳು ಹುಡುಗನ ತಾಯಿ. ‘ನನಗ ಬೇಕಾದ್ದು ಅದು. ಪರಾತ ಒಗಿಯೂ ಸಿಟ್ಟು ಯಾರದು?’

ಅಕ್ಕೋರು ಆಕೆಯ ಕಡೆಗೇ ತಿರುಗಿದರು. ‘ಅದು ಯಾರದಂತ ನನಗೂ ಗೊತ್ತಿದ್ದಿಲ್ರಿ. ಬರದಿದ್ದೆ, ಆದ್ರ ಕಣ್ಣಿಗೆ ಕಂಡಿದ್ದಿಲ್ಲ. ಇಂಥಾ ಸಿಟ್ಟಿನಾಕಿ ಎಲ್ಲಿರ್ತಾಳ, ನಾ ಸುಳ್ಳು ಬರದೆ ಅಂತ ಒಳಗಽ ಹಳಹಳಿ ಇತ್ತು. ಈಗ ಚಕ್ಕಡಿಯಿಂದ ನೀವು ಜಿಗಿದ್ರಲ್ಲ, ಆವಾಗ ನೋಡಿದೆ. ಚಂದ್ರವ್ವ ಒಗದದ್ದು ಹಂಗಽ ಇತ್ರಿ. ಕೈ ಮ್ಯಾಲೆತ್ತಿ, ಹಿಂದ ಮುಂದ ನೋಡದಽ.’

ಮಾವ ಕಣ್ಣು ಮುಚ್ಚಿಕೊಂಡರು, ಇದ್ದ ಸಂಬಂಧವೂ ಈಗ ಮುಗಿಯಿತು ಎಂದು. ಮೊದಲು ನಕ್ಕವನು ಹುಡುಗನ ಸೋದರಮಾವ.

‘ಅಕ್ಕಾ, ಹುಡುಕ್ಯಾಡಿಕೋತ ಇಲ್ಲಿತನಾ ಬಂದಿ. ಪರಾತ ಒಗದಾಕಿ ನೀನಽ ಅಂತಾತು ನೋಡು!’

‘ಬಾಯಿ ಮುಚ್ಚೋ!’ ಎಂದಳು ಆಕೆ. ಆದರೆ ಆಕೆಯ ಕಣ್ಣಂಚು ಆಗಲೇ ಸಡಿಲಾಗಿತ್ತು. ಸೆರಗು ಸರಿಮಾಡಿಕೊಂಡು ಅಕ್ಕೋರ ಕಡೆ ಬಗ್ಗಿ, ಗಂಡಸರಿಗೆ ಕೇಳಬಾರದೆಂಬಂತೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: ‘ನಾ ಸೊಸಿ ಇದ್ದಾಗ ಒಗದಿಲ್ರಿ ಅಕ್ಕೋರ. ಒಗೀಬೇಕು ಅಂತ ಬಾಳ ಸಲ ಅನಿಸಿತ್ತು. ನಮ್ಮತ್ತಿ ಹಂಗ ಇದ್ಲು.’

ಅಷ್ಟರಲ್ಲಿ ಆಕೆಯ ಕಿವಿ ಒಳಗಿನ ಸಪ್ಪಳಕ್ಕೆ ಹೋಯಿತು. ‘ಯಾರು ಒಳಗ? ಕಲ್ಲಿನ ಮ್ಯಾಲೆ ಅರಿಬಿ ಒಗದಂಗ ರೊಟ್ಟಿ ಬಡಿಯಾಕತ್ತಾಳಲ್ಲ?’

ಅಕ್ಕೋರು ಕೂತಲ್ಲಿಂದಲೇ ಕೂಗಿದರು, ‘ಗುರವ್ವಾ, ನಿನ್ನ ಕೈಲೆ ಬಡಿಯವ್ವಾ.’

ಒಳಗೆ ಸಪ್ಪಳ ನಿಂತಿತು. ಗುರವ್ವ ನನ್ನತ್ತ ನೋಡಿದಳು. ನಾನು ತಲೆ ಆಡಿಸಿದೆ. ಆಕೆ ಬಲಗೈಯ ಹಿಟ್ಟು ಒರೆಸಿಕೊಂಡು ಎಡಗೈ ಇಟ್ಟಳು. ಅಷ್ಟು ದಿನ ತಡೆದ ಕೈ, ಕೇಳಬೇಕೆ? ಟಪಟಪ ಎಂದು ರೊಟ್ಟಿ ಗಾಲಿಯ ಹಾಗೆ ತಿರುಗಿತು. ಹುಡುಗನ ತಾಯಿ ಎದ್ದು ನನ್ನನ್ನು ಸರಿಸಿ ಒಳಗೆ ಬಂದು ಒಲೆಯ ಪಕ್ಕ ಕೂತಳು. ಗುರವ್ವ ತಲೆ ಎತ್ತಲಿಲ್ಲ. ಹೆಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಆಕೆ ಕೈಯಾರೆ ತೆಗೆದುಕೊಂಡು, ಏನೂ ಹಚ್ಚಿಕೊಳ್ಳದೆ ಮುರಿದು ತಿಂದಳು. ಇನ್ನೊಂದು ಹಾಕೆಂದು ಕೈ ಮಾಡಿದಳು. ಅದನ್ನೂ ತಿಂದು ಪಡಸಾಲೆಯತ್ತ ಕೂಗಿದಳು:

‘ತಮ್ಮಾ, ನಮ್ಮ ಮನ್ಯಾಗ ಒಲಿ ಎಡಗಡಿ ಗ್ವಾಡಿಗೆ ಹತ್ತೇತಲ್ಲೋ! ಈ ಹುಡುಗಿಗೆ ಮೊಳಕೈ ಆಡಸಾಕ ಜಾಗ ಸಾಲೂದಿಲ್ಲ. ಒಲಿ ಕಿತ್ತು ಈಚಿ ಕಡೆ ಹಾಕಬೇಕಾಗ್ತೈತಿ.’

ನಮ್ಮ ಮಾವನಿಗೆ ಮೊದಲು ಅರ್ಥವಾಗಲಿಲ್ಲ. ‘ಒಲಿ ಯಾಕ್ರಿ?’ ಎಂದರು. ಹುಡುಗನ ಸೋದರಮಾವ, ‘ನಿಶ್ಚೇಕ್ಕ ದಿನ ನೋಡ್ರಿ ಬೀಗರ. ನಮ್ಮಕ್ಕ ಒಲಿ ಕೀಳ್ತೇನಿ ಅಂದ್ಲಂದ್ರ ಮಾತು ಮುಗೀತು’ ಎಂದ. ಅತ್ತೆ ಸಕ್ಕರೆ ಡಬ್ಬಿ ತರಲು ನನ್ನನ್ನು ಅಟ್ಟಿದರು. ಹೋಗುವಾಗ ನನ್ನ ಕಿವಿಯಲ್ಲಿ, ‘ಗೂಟ ಗಟ್ಟಿ ಐತೋ ಇಲ್ಲೋ ನೋಡಿ ಬಾ’ ಎಂದು ತೋಳು ಚಿವುಟಿದರು. ಅದಾದ ಮೇಲೆ ನಮ್ಮತ್ತೆಯ ಬಗ್ಗೆ ನನಗಿದ್ದ ಅಂಜಿಕೆ ಅರ್ಧ ಹೋಯಿತು.

ಅನ್ನಪೂರ್ಣಾ, ನಿನ್ನ ಪ್ರಶ್ನೆಯನ್ನು ಆ ಸಂಜೆ ನಾನು ಅಕ್ಕೋರಿಗೆ ಕೇಳಿದೆ. ‘ನೋಡದಽ ಹೆಂಗ ಬರದ್ರಿ ಅಕ್ಕೋರ? ಆ ಸಿಟ್ಟು ಹೊಂದಿಕೆ ಆತಲ್ರಿ?’

ಅವರು ಆರಿದ ಚಹಾ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ಕೂತಿದ್ದರು. ‘ಕೈ ಕಾಲು ಊರಾಗ ಸಿಗ್ತಾವ ತಂಗಿ, ಆರಿಸಿಕೊಂಡ ಬರಬಹುದು. ಒಳಗಿನದು ನಮಗ ನಾವಽ ಊಹಿಸಬೇಕು. ಊಹಿಸಿದ್ದು ಖರೆ ಇದ್ರ ಒಂದಿನ ಆ ಮನಿಷ್ಯಾ ಬಂದು ಬಾಗಿಲಾಗ ನಿಂದ್ರತಾನ. ಸುಳ್ಳಿದ್ರ ಯಾರೂ ಬರೂದಿಲ್ಲ. ನನಗ ಎಷ್ಟೋ ಕಥಿಗೆ ಯಾರೂ ಬಂದಿಲ್ಲ’ ಎಂದರು. ಆಮೇಲೆ, ‘ಇವತ್ತ ಆಕಿ ಬರಲಾರದಽ ಇದ್ದಿದ್ರ ನಾ ಇನ್ನ ಬರೀತಿದ್ದಿಲ್ಲ. ಒಂದು ಹುಡುಗಿ ಮದವಿಗಿಂತ ಕಥಿ ದೊಡ್ಡದೇನು?’ ಎಂದು ಚಹಾ ಕುಡಿದು ಒಳಗೆ ಹೋದರು.

ಗುರವ್ವನ ಮದುವೆಯಾದ ಮೇಲೆ ಅಕ್ಕೋರಿಗೆ ಇಂಡಿ ಕಡೆಯ ಹೊರ್ತಿಗೆ ವರ್ಗವಾಯಿತು. ಕಡೆಯವರೆಗೂ ಹೊರ್ತಿಯಲ್ಲೇ ಉಳಿದರಂತೆ. ಅಲ್ಲಿ ಯಾರ ಕೈ, ಯಾರ ದನಿ ತೆಗೆದುಕೊಂಡರೋ ನನಗೆ ತಿಳಿಯದು. ನನ್ನ ಮುಂದೆ ಆಡಿದಷ್ಟು ಮಾತು ಅವರು ಅಲ್ಲಿಯೂ ಯಾರ ಮುಂದಾದರೂ ಆಡಿರಲಿ ಎಂದು ಆಸೆ.

ಅಕ್ಕೋರ ಸುದ್ದಿಯನ್ನೂ, ನಾನು ಇದನ್ನು ಬರೆಯುತ್ತಿದ್ದೇನೆಂಬುದನ್ನೂ ಗುರವ್ವನಿಗೆ ಫೋನಿನಲ್ಲಿ ಹೇಳಿದೆ. ‘ಕಥ್ಯಾಗ ನನ್ನ ಕೈ ಅಷ್ಟ ಬಂದಿತ್ತು ವೈನಿ. ನೀ ಬರದ್ರ ನನ್ನ ಇಡೀ ಬರಿ, ಹೆಸರು ಹಾಕಿ ಬರಿ’ ಎಂದಳು. ಅದಕ್ಕೇ ಹಾಕಿದ್ದೇನೆ. ‘ಅತ್ತಿ ಮನ್ಯಾಗ ಖರೇನಽ ಯಾವತ್ತೂ ಪರಾತ ಒಗದಿಲ್ಲೇನು?’ ಎಂದು ಕೇಳಿದೆ. ಒಮ್ಮೆ ಒಗೆದಳಂತೆ. ಯಾತಕ್ಕೆಂದು ಈಗ ಆಕೆಗೂ ನೆನಪಿಲ್ಲದ ಜಗಳ. ಅತ್ತೆ ಅಂಗಳಕ್ಕೆ ಹೋಗಿ ಪರಾತ ಎತ್ತಿಕೊಂಡು ಬಂದು, ಮಣ್ಣು ಒರೆಸಿ ಇವಳ ಮುಂದಿಟ್ಟು, ‘ಪರವಾಗಿಲ್ಲ, ಚಂದ್ರವ್ವಗಿಂತ ದೂರ ಒಗದಿ. ಇನ್ನ ರೊಟ್ಟಿ ಬಡಿ, ಹಸಿವ್ಯಾಗೈತಿ’ ಎಂದಳಂತೆ.

ಮಕ್ಕಳೇ, ಈ ಹಾಳೆಗಳನ್ನು ಹಾಳು ಮಾಡದೆ ಇಟ್ಟುಕೊಳ್ಳಿರಿ. ಗುರವ್ವಜ್ಜಿ ಓದಲು ಕೇಳಿದ್ದಾಳೆ. ಒಯ್ದು ಓದಿ ತೋರಿಸಿರಿ, ಆದರೆ ಅಲ್ಲೇ ಬಿಟ್ಟು ಬರಬೇಡಿರಿ. ಆಕೆ ತಿದ್ದಲು ಕೂತಳೆಂದರೆ ಇದರಲ್ಲಿ ನಾನು ಬರೆದದ್ದು ಏನೂ ಉಳಿಯುವುದಿಲ್ಲ.